ಡೆತ್, ಬ್ಲ್ಯಾಕ್, ಗ್ರೈಂಡ್, ಡೂಮ್: ಯಾವುದು ಕಿವಿಗೆ ಹತ್ತುತ್ತದೆ, ಯಾವುದಕ್ಕೆ ಹೊಗಳಿಕೆ ಜಾಸ್ತಿಯಾಯಿತು

ಎಕ್ಸ್‌ಟ್ರೀಮ್ ಮೆಟಲ್, ಅಂದರೆ ಹೆವಿ ಮೆಟಲ್ ರಾಕ್ ಸಂಗೀತದ ಅತಿ ಉಗ್ರ ಬಗೆಗಳನ್ನು, ಎಲ್ಲಿಂದ ಶುರುಮಾಡಬೇಕು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: 1990ರ ಆಸುಪಾಸಿನ ಸ್ವೀಡಿಷ್ ಡೆತ್ ಮೆಟಲ್, ಗೊಗ್ಗರು ದನಿಯ, ಭಾರದ ಗಿಟಾರಿನ ಬಗೆ. ಉಳಿದ ಬಗೆಗಳನ್ನು ಅದರ ಪಕ್ಕದಲ್ಲಿಟ್ಟು ಕೇಳಿದ ಮೇಲೂ ಉತ್ತರ ಬದಲಾಗಿಲ್ಲ. ನಾನು ಕೇಳುವುದು ಸಾಧಾರಣ ಇಯರ್‌ಫೋನ್‌ನಲ್ಲಿ, ಸಣ್ಣ ವಾಲ್ಯೂಮಿಗೆ, ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ. ದೊಡ್ಡ ಸ್ಪೀಕರ್ ಇದ್ದವರಿಗೆ ಒಂದೆರಡು ತೀರ್ಪು ಬೇರೆಯಾದೀತು.

ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ ಎಂಟೂಂಬ್ಡ್ ತಂಡ ಮಾಡಿದ ಮೊದಲ ಆಲ್ಬಮ್ 1990ರಲ್ಲಿ ಬಂತು. ಆ ಸದ್ದಿನ ಗುಟ್ಟು ಬಾಸ್ ಕಂಪನಿಯ ಎಚ್‌ಎಂ-2 ಪೆಡಲ್, ಗಿಟಾರ್ ಸದ್ದನ್ನು ಒರಟಾಗಿಸುವ ಪುಟ್ಟ ಪೆಟ್ಟಿಗೆ. ಅದರ ನಾಲ್ಕೂ ನಾಬ್‌ಗಳನ್ನು ಪೂರ್ತಿ ಬಲಕ್ಕೆ ತಿರುಗಿಸಬೇಕು, ಅಷ್ಟೇ. ಹಾಗೆ ತಿರುಗಿಸಿದಾಗ 1 ಕಿಲೋಹರ್ಟ್ಸ್ ಸುತ್ತಮುತ್ತಲ ಭಾಗ ಎದ್ದು ನಿಲ್ಲುತ್ತದೆ. ಚಿಕ್ಕ ಇಯರ್‌ಫೋನ್ ಸಲೀಸಾಗಿ ನುಡಿಸುವುದೂ ಆ ಭಾಗವನ್ನೇ. ಹಾಗಾಗಿ ಎಷ್ಟು ಮೆಲ್ಲಗೆ ಹಾಕಿದರೂ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕಳೆದುಹೋಗುವುದಿಲ್ಲ. ಡ್ರಮ್ಮಿನಲ್ಲಿ ಪಂಕ್‌ನಿಂದ ಬಂದ ನಡೆ ಉಳಿದಿದೆ, ಕಾಲು ತಾನಾಗಿ ತಾಳ ಹಾಕುತ್ತದೆ. ದನಿ ಗೊಗ್ಗರಾದರೂ ಅರ್ಧದಷ್ಟು ಪದ ಹಿಡಿಯಬಹುದು.

ಇನ್ನೂ ಸುಲಭದ್ದು ಬೇಕೆಂದರೆ ಸ್ವೀಡನ್ನಿನದೇ ಗೋಥೆನ್‌ಬರ್ಗ್ ನಗರದ ಮೆಲೋಡಿಕ್ (ರಾಗಪ್ರಧಾನ) ಡೆತ್. ಹೆವಿ ಮೆಟಲ್ ತಂಡ ಐರನ್ ಮೇಡನ್ ಕೇಳಿದವರಿಗೆ ಅಲ್ಲಿನ ಗಿಟಾರ್ ಹೊಸದೇನಲ್ಲ.

ಈಗ ತಕರಾರಿಗೆ ಬರೋಣ. ಅರ್ಹತೆ ಮೀರಿ ಹೊಗಳಿಸಿಕೊಂಡದ್ದು ಇತ್ತೀಚಿನ ಟೆಕ್ನಿಕಲ್ ಡೆತ್, ಅಂದರೆ ಅತಿವೇಗದ ಜಟಿಲ ನುಡಿಸಾಣಿಕೆಯ ಡೆತ್ ಮೆಟಲ್. ನುಡಿಸುವವರ ಕೈಚಳಕದ ಬಗ್ಗೆ ನನಗೆ ತಕರಾರಿಲ್ಲ, ಅದು ನಿಜವಾದದ್ದು. ಕೆಡುವುದು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನಲ್ಲಿ.

ಲೆಕ್ಕ ಹಾಕಿ ನೋಡಿ. 250 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ವೇಗದಲ್ಲಿ ಒಂದು ಬೀಟಿಗೆ ನಾಲ್ಕರಂತೆ ಕಿಕ್ ಬಿದ್ದರೆ ಸೆಕೆಂಡಿಗೆ ಸುಮಾರು 17 ಪೆಟ್ಟು. ಒಂದಕ್ಕೂ ಇನ್ನೊಂದಕ್ಕೂ ನಡುವೆ 60 ಮಿಲಿಸೆಕೆಂಡ್. ದೊಡ್ಡ ಡ್ರಮ್ಮಿನ ಗುಮ್ಮೆನ್ನುವ ನಾದ ಇಳಿಯಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ನಾದವನ್ನು ಹಾಗೇ ಬಿಟ್ಟರೆ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಬರೀ ಗುಡುಗಾಗುತ್ತದೆ. ಏಳು ತಂತಿಯ ಗಿಟಾರ್‌ನ ಕೆಳಗಿನ ಬಿ ತಂತಿಯೂ 62 ಹರ್ಟ್ಸ್‌ನಲ್ಲಿ ಅದೇ ಜಾಗಕ್ಕೆ ಬಂದು ಕೂತಿರುತ್ತದೆ. ಅದಕ್ಕೇ ಮಿಕ್ಸ್ ಮಾಡುವವರು ಕಿಕ್‌ನ ತಳ ಕತ್ತರಿಸಿ 4ರಿಂದ 5 ಕಿಲೋಹರ್ಟ್ಸ್‌ನ ಟಕಟಕ ಏರಿಸುತ್ತಾರೆ. ಆಮೇಲೆ ಪೆಟ್ಟನ್ನು ಗುರುತಿಸುವ ಟ್ರಿಗರ್ ಹಾಕಿ ಪ್ರತಿ ಪೆಟ್ಟಿನ ಜಾಗಕ್ಕೂ ಮೊದಲೇ ರೆಕಾರ್ಡ್ ಮಾಡಿಟ್ಟ ಒಂದೇ ಸ್ಯಾಂಪಲ್ ಕೂರಿಸಿದರೆ ಕಾಲಿನ ಜೋರು, ಹಗುರ ಎರಡೂ ಹೋಗಿ ಟೈಪ್‌ರೈಟರ್ ಉಳಿಯುತ್ತದೆ.

ಅದರ ಮೇಲೆ ಜೋರು-ಮೆಲುವನ್ನು ಒಂದೇ ಮಟ್ಟಕ್ಕೆ ಒತ್ತುವ ಲಿಮಿಟರ್ ಹಾಕಿದರೆ ಮುಗಿಯಿತು. ಸದ್ದನ್ನು ಅಲೆಯಾಗಿ ತೋರಿಸುವ ಆಡಾಸಿಟಿ ತಂತ್ರಾಂಶದಲ್ಲಿ ಫೈಲ್ ತೆರೆದರೆ ಏರಿಳಿತವಿಲ್ಲದ ಇಟ್ಟಿಗೆ ಕಾಣುತ್ತದೆ. ಕಾಲು ಗಂಟೆಯಲ್ಲಿ ಕಿವಿ ದಣಿಯುವುದು ಇದರಿಂದ, ವೇಗದಿಂದಲ್ಲ. ಈಕ್ವಲೈಜರ್‌ನಲ್ಲಿ 4 ಕಿಲೋಹರ್ಟ್ಸ್ ಬಳಿ 3 ಡೆಸಿಬೆಲ್ ಇಳಿಸಿದರೆ ಟಕಟಕ ಕಡಿಮೆಯಾಗುತ್ತದೆ, ನಿಜ. ಆದರೆ ಗಿಟಾರ್ ಪಿಕ್ ತಂತಿಗೆ ತಾಗುವ ಚುರುಕೂ ಅಲ್ಲೇ ಇರುವುದರಿಂದ ಅದೂ ಮಂಕಾಗುತ್ತದೆ. ದುಡ್ಡು ಕೊಡುವ ಮುನ್ನ ಎರಡು ಹಾಡನ್ನು ಸಣ್ಣ ವಾಲ್ಯೂಮಿನಲ್ಲಿ ಪೂರ್ತಿ ಕೇಳಿ; ಗಿಟಾರ್‌ಗಿಂತ ಕಿಕ್ ಮುಂದೆ ಕೇಳಿದರೆ ಕೊಳ್ಳಬೇಡಿ.

ಬ್ಲ್ಯಾಕ್ ಮೆಟಲ್ ಕಷ್ಟ ಎನ್ನುವವರು ಬಹಳ. ನನಗೆ ಹಾಗನ್ನಿಸಿಲ್ಲ. ಡಾರ್ಕ್‌ಥ್ರೋನ್ 1994ರಲ್ಲಿ ನಾಲ್ಕೇ ಟ್ರ್ಯಾಕಿನ ರೆಕಾರ್ಡರ್‌ನಲ್ಲಿ ಮಾಡಿದ ಆಲ್ಬಮ್ಮಿನ ರಾಗಗಳು ಎರಡು ಸಲ ಕೇಳಿದರೆ ಗುನುಗುವಷ್ಟು ಸರಳ. ತೊಡಕು ಇರುವುದು ಫೈಲಿನಲ್ಲಿ. ಒಂದೇ ಸ್ವರವನ್ನು ಬಿಡದೆ ಮೀಟುವ ಟ್ರೆಮೊಲೊ ಗಿಟಾರ್, ಸಿಂಬಲ್, ಟೇಪಿನ ಸುಯ್ ಎಲ್ಲ ಒಟ್ಟಿಗೆ ಮೇಲಿನ ಸ್ಥಾಯಿಯಲ್ಲಿ ಸೇರುವುದರಿಂದ 128 ಕೆಬಿಪಿಎಸ್ ಎಂಪಿ3ಯಲ್ಲಿ ಅವು ನೀರಲ್ಲಿ ಕಲಸಿದಂತಾಗುತ್ತವೆ. 320 ಕೆಬಿಪಿಎಸ್‌ನದ್ದೋ ಸದ್ದು ಕೆಡದಂತೆ ಉಳಿಸುವ ಫ್ಲ್ಯಾಕ್ ಫೈಲೋ ಹಾಕಿ, ವಾಲ್ಯೂಮ್ ಏರಿಸಬೇಡಿ.

ತೀರಾ ಚುಟುಕಾದ, ಬಿರುಸಿನ ಹಾಡುಗಳ ಗ್ರೈಂಡ್‌ಕೋರ್‌ಗೆ ಒಂದೇ ನಿಯಮ: ಶಫಲ್ ಆಫ್ ಮಾಡಿ. ನೇಪಾಮ್ ಡೆತ್‌ನ 1987ರ ಮೊದಲ ಆಲ್ಬಮ್ಮಿನಲ್ಲಿ ಸುಮಾರು ಅರ್ಧ ಗಂಟೆಗೆ 28 ಹಾಡು. ಬಿಡಿಬಿಡಿಯಾಗಿ ಕೇಳಿದರೆ ಏನೂ ದಕ್ಕುವುದಿಲ್ಲ.

ಕಡೆಯ ಸ್ಥಾನ ಭಾರದ ನಿಧಾನ ರಿಫ್‌ಗಳ ಡೆತ್ ಮೆಟಲ್ ಕವಲಾದ ಸ್ಲ್ಯಾಮ್‌ಗೆ. ಸಫೊಕೇಶನ್ ತಂಡದ 1991ರ ಆಲ್ಬಮ್ಮಿನಲ್ಲಿ ಆ ಭಾರದ ನಿಧಾನ ರಿಫ್ ಬಡಿಯುವುದು ಅದರ ಮುಂಚೆ ಬಿರುಸಾದ ಓಟ ಇದೆ ಎಂದು. ಸ್ಲ್ಯಾಮ್ ತಂಡಗಳು ಹೆಚ್ಚಿನವು ಓಟವನ್ನು ಕಿತ್ತುಹಾಕಿ ಬರೀ ಬಡಿತ ಇಟ್ಟುಕೊಂಡವು. ಮೂರನೇ ಹಾಡಿಗೆ ಬರುವಷ್ಟರಲ್ಲಿ ಅದು ಭಾರವೆನಿಸುವುದೇ ಇಲ್ಲ.

ತೀರಾ ನಿಧಾನಗತಿಯ ಫ್ಯೂನರಲ್ ಡೂಮ್ ಎಣಿಸಿದಷ್ಟು ದುರ್ಗಮವಲ್ಲ. ಪ್ರತಿ ಸ್ವರಕ್ಕೂ ಇಳಿಯಲು ಜಾಗ ಇರುವುದರಿಂದ ಕಿವಿಗೆ ಎಲ್ಲಕ್ಕಿಂತ ಹಗುರ ಅದೇ. ಅದು ಬೇಡುವುದು ಹೊತ್ತನ್ನು: ಬೆಲ್ ವಿಚ್ ತಂಡದ 2017ರ ಆಲ್ಬಮ್ 83 ನಿಮಿಷದ ಒಂದೇ ಹಾಡು, ಗಿಟಾರ್ ಇಲ್ಲ, ಬೇಸ್ ಮತ್ತು ಡ್ರಮ್ಮೇ ಮುಖ್ಯ. ಕಂತು ಕಂತಾಗಿ ಕೇಳಿದರೆ ಪ್ರಯೋಜನವಿಲ್ಲ, ಪೂರ್ತಿ ಬಿಡುವಿದ್ದ ರಾತ್ರಿಗೆ ಎತ್ತಿಡಿ. ನನಗೆ ಅಂಥ ರಾತ್ರಿಗಳು ಕಡಿಮೆ. 40 ನಿಮಿಷದ ಸ್ವೀಡಿಷ್ ಆಲ್ಬಮ್ ಮಾತ್ರ ಯಾವ ದಿನಕ್ಕೂ ಹೊಂದುತ್ತದೆ.