ಬಾನೆಟ್ ಮೇಲೆ ಮೂರು ಪಟ್ಟೆ: ಡಬ್ಬಿ ವ್ಯಾಕ್ಸಾ, ಸ್ಪ್ರೇ ಸೀಲೆಂಟಾ, ಸುಮ್ನೆ ಬಿಡೋದಾ?

ನಮ್ಮ ಕಾರು ಕಪ್ಪು. ಮಂಡ್ಯದಲ್ಲಿ ಕಪ್ಪು ಕಾರು ಇಟ್ಟುಕೊಳ್ಳುವುದು ಅಂದರೆ ಬಿಳಿ ಪಂಚೆ ಉಟ್ಟು ಕೆಸರುಗದ್ದೆಗೆ ಇಳಿದ ಹಾಗೆ. ಬೆಳಿಗ್ಗೆ ಒರೆಸಿದರೆ ಸಂಜೆಗೆ ನಾಲೆ ಏರಿಯ ಧೂಳು ಕೂತಿರುತ್ತದೆ. ಗಾಳಿ ಆಲೆಮನೆ ಕಡೆಯಿಂದ ಬೀಸಿದರೆ ಸುಟ್ಟ ಕಬ್ಬಿನ ಸಿಪ್ಪೆಯ ಕರಿ ಚೂರುಗಳೂ ಬಂದು ಬೀಳುತ್ತವೆ. ಕಪ್ಪಿನ ಮೇಲೆ ಕಪ್ಪು ಕಾಣಲ್ಲ ಅಂದುಕೊಂಡಿದ್ದೆ. ಕೈಯಲ್ಲಿ ಸವರಿದರೆ ಬೂದಿಯಾಗಿ ಮೆತ್ತಿಕೊಳ್ಳುತ್ತದೆ.

ಮೊದಲು ಎಲ್ಲರ ಹಾಗೆ ಪೈಪು ಹಿಡಿದು ತೊಳೆಯುತ್ತಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ ಅದು ನಿಂತಿತು. ಆ ವರ್ಷ ಕೆಆರ್‌ಎಸ್ ಜಲಾಶಯ ತುಂಬಿದ ಮಟ್ಟವಾದ 124.80 ಅಡಿ ತಲುಪಲೇ ಇಲ್ಲ. ಸರ್ ಎಂ.ವಿ. ಪ್ರತಿಮೆ ಎದುರು ಕಾವೇರಿ ನೀರಿಗಾಗಿ ರೈತರ ಧರಣಿ ನಡೆಯುತ್ತಿತ್ತು, 23ನೇ ತಾರೀಖು ಮಂಡ್ಯ ಬಂದ್ ಆಯಿತು. ಆ ವಾರವೇ ನಾನು ಅಂಗಳದಲ್ಲಿ ಪೈಪು ಹಿಡಿದು ನಿಂತಿದ್ದೆ. ಅಪ್ಪ ಹೊರಗೆ ಬಂದರು, ನಲ್ಲಿ ತಿರುಗಿಸಿ ನಿಲ್ಲಿಸಿದರು, ಒಳಗೆ ಹೋದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು. ಆಮೇಲೆ ಲೆಕ್ಕ ಹಾಕಿದೆ. ನಮ್ಮ ಪೈಪು 15 ಲೀಟರಿನ ಬಕೆಟ್ಟನ್ನು ಒಂದು ನಿಮಿಷದಲ್ಲಿ ತುಂಬಿಸುತ್ತದೆ. ನಾನು ಹತ್ತು ನಿಮಿಷ ಹಿಡಿದಿರುತ್ತಿದ್ದೆ.

ಹಾಗಾಗಿ ಬಕೆಟ್ ನೀರಿಗೆ ಬೆರೆಸಿ ಒರೆಸುವ ರಿನ್ಸ್‌ಲೆಸ್ ವಾಷ್ ತರಿಸಿದೆ. ಹೆಸರೇ ಹೇಳುವಂತೆ ಇದನ್ನು ಹಚ್ಚಿದ ಮೇಲೆ ಮತ್ತೆ ನೀರು ಹಾಕಿ ತೊಳೆಯಬೇಕಾಗಿಲ್ಲ. ನೊರೆಯೂ ಅಷ್ಟಾಗಿ ಬರುವುದಿಲ್ಲ. ಈ ಥರದಲ್ಲಿ ಹೆಸರಾದದ್ದು ಆಪ್ಟಿಮಮ್ ನೋ ರಿನ್ಸ್, ಒಂದು ಪಾಲಿಗೆ 256 ಪಾಲು ನೀರು ಅದರ ಅಳತೆ. ನಾನು 8 ಲೀಟರಿಗೆ 30 ಮಿಲಿ ಹಾಕುತ್ತೇನೆ. ಅದರಲ್ಲಿರುವ ಪಾಲಿಮರ್ ಧೂಳಿನ ಕಣವನ್ನು ಸುತ್ತಿಕೊಂಡು, ಪೇಂಟಿಗೂ ಕಣಕ್ಕೂ ನಡುವೆ ಜಾರಿಕೆ ಕೊಡುತ್ತದೆ. ಕಣ ಉಜ್ಜಿಕೊಂಡು ಹೋಗದೆ ಜಾರಿ ಬಟ್ಟೆಗೆ ಬರುತ್ತದೆ.

ಮೊದಲ ಭಾನುವಾರ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ನೋಡಿ ಕೇಳಿದರು: "ಅಲ್ಲ ಕಣಪ್ಪ, ಕಾರು ತೊಳೀತಿದೀಯೋ, ಇಲ್ಲ ಮಗೀನ ಮೈ ಒರೆಸ್ತಿದೀಯೋ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಇದು ಒರೆಸುವ ಕೆಲಸವೇ. ಅದೇ ದ್ರಾವಣವನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಮೊದಲು ಒಂದು ಬಾಗಿಲಿಗೆ ಧಾರಾಳವಾಗಿ ಹೊಡೆಯಬೇಕು. ಒಂದು ನಿಮಿಷ ನೆನೆಯಲು ಬಿಡಬೇಕು. ಆಮೇಲೆ ನೆನೆಸಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು, ಸುತ್ತ ಸುತ್ತ ತಿರುಗಿಸಬಾರದು. ಬಟ್ಟೆಯನ್ನು ನಾಲ್ಕು ಪದರ ಬರುವಂತೆ ಮಡಿಸಿದರೆ ಎಂಟು ಮುಖ ಸಿಗುತ್ತದೆ. ಒಂದು ಎಳೆತಕ್ಕೆ ಒಂದು ಮುಖ. ಕೊಳೆಯಾದ ಬಟ್ಟೆಯನ್ನು ಮತ್ತೆ ಅದೇ ಬಕೆಟ್ಟಿಗೆ ಅದ್ದದೆ ಪಕ್ಕಕ್ಕೆ ಎಸೆದು ಇನ್ನೊಂದು ತೆಗೆದುಕೊಳ್ಳಬೇಕು. ನನಗೆ ಆರು ಬಟ್ಟೆ ಬೇಕಾಗುತ್ತದೆ.

ಪೈಪು, ಶಾಂಪೂ, ಸ್ಪಂಜಿನ ಹಳೇ ಪದ್ಧತಿಗೆ ಹೋಲಿಸಿದರೆ ಸಮಯ ಹೆಚ್ಚುಕಮ್ಮಿ ಅಷ್ಟೇ, ಅರ್ಧ ಗಂಟೆ. ನೀರು ಮಾತ್ರ ಹತ್ತು ಲೀಟರ್ ದಾಟುವುದಿಲ್ಲ. ನನಗೆ ಇನ್ನೂ ದೊಡ್ಡದಾಗಿ ಕಂಡದ್ದು ಬೋರ್ ನೀರಿನ ಕಲೆ. ನಮ್ಮ ಬೋರ್ ನೀರು ಗಡಸು. ಪೈಪಿನಲ್ಲಿ ತೊಳೆದು ಒರೆಸುವಷ್ಟರಲ್ಲಿ ಬಿಸಿಲಿಗೆ ಒಣಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಚುಕ್ಕಿಗಳಾಗಿ ಉಳಿಯುತ್ತಿದ್ದವು. ಆಮೇಲೆ ವಿನೆಗರ್ ಹಚ್ಚಿ ತೆಗೆಯುವ ಕೆಲಸ. ರಿನ್ಸ್‌ಲೆಸ್‌ನಲ್ಲಿ ಒಂದೊಂದೇ ಭಾಗ ಒದ್ದೆ ಮಾಡಿ ಕೂಡಲೇ ಒರೆಸುವುದರಿಂದ ಚುಕ್ಕಿ ಬೀಳುವುದಕ್ಕೇ ಅವಕಾಶ ಇಲ್ಲ.

ವಾಟರ್‌ಲೆಸ್ ಅಂತ ಇನ್ನೊಂದು ಬರುತ್ತದೆ, ಬಕೆಟ್ಟೇ ಬೇಡ, ಸೀದಾ ಬಾಟಲಿಯಿಂದ ಹೊಡೆದು ಒರೆಸುವುದು. ಒಂದು ಸಲ ನೋಡಿದೆ. ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಿಗೆ ಸರಿ ಹೋದೀತು, ನಾಲೆ ಧೂಳಿಗಲ್ಲ.

ಇನ್ನು ಬಾನೆಟ್ ಕಥೆ, ಅಂದರೆ ತೊಳೆದ ಪೇಂಟಿನ ರಕ್ಷಣೆಗೆ ಏನು ಹಚ್ಚೋದು ಅನ್ನುವ ಪ್ರಶ್ನೆ. 2023ರ ಅಕ್ಟೋಬರ್ ಮೊದಲ ವಾರ ಬಾನೆಟ್ಟನ್ನು ಪಾಲಿಶ್ ಮಾಡಿಸಿ, ಮಾಸ್ಕಿಂಗ್ ಟೇಪ್ ಅಂಟಿಸಿ ಮೂರು ಪಟ್ಟೆ ಮಾಡಿದೆ. ಎಡಕ್ಕೆ ಡಬ್ಬಿಯಲ್ಲಿ ಬರುವ ಕಾರ್ನೌಬಾ ವ್ಯಾಕ್ಸ್. ಇದು ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ನಡುವೆ ಏನೂ ಇಲ್ಲ. ಬಲಕ್ಕೆ ಸ್ಪ್ರೇ ಸೀಲೆಂಟ್, ಅಂದರೆ ಪೇಂಟಿನ ಮೇಲೆ ತೆಳು ರಕ್ಷಣೆಯ ಪದರ ಕಟ್ಟುವ ದ್ರಾವಣ, ಬಾಟಲಿಯ ಮೇಲೆ ಸೆರಾಮಿಕ್ ಅಂತ ದಪ್ಪಕ್ಷರದಲ್ಲಿ ಬರೆದಿರುವ ಸಿಲಿಕಾ ಇರುವ ಜಾತಿ.

ಹಚ್ಚುವುದರಲ್ಲೇ ಅಜಗಜಾಂತರ. ವ್ಯಾಕ್ಸನ್ನು ತೆಳುವಾಗಿ ಸವರಿ, ಮಬ್ಬಾಗುವವರೆಗೆ ಕಾದು, ಉಜ್ಜಿ ತೆಗೆಯಬೇಕು. ಒಂದೇ ಪಟ್ಟೆಗೆ ಕಾಲು ಗಂಟೆ ಹಿಡಿಯಿತು, ಭುಜ ಬಿದ್ದುಹೋಯಿತು. ಸ್ಪ್ರೇ ಎರಡು ಸಲ ಚುಸ್ ಅಂದರೆ ಆಯಿತು, ಒಂದು ಬಟ್ಟೆಯಲ್ಲಿ ಹರಡಿ ಇನ್ನೊಂದರಲ್ಲಿ ಒರೆಸಿದೆ. ಆ ದಿನ ಹೊಳಪಿನಲ್ಲಿ ಗೆದ್ದದ್ದು ವ್ಯಾಕ್ಸ್. ಕಪ್ಪು ಬಣ್ಣಕ್ಕೆ ಒಂದು ಆಳ ಬಂದಿತ್ತು, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ. ಸ್ಪ್ರೇ ಪಟ್ಟೆ ಗಾಜಿನ ಥರ ಥಳಥಳ ಅಂದರೂ ಆ ಆಳ ಇರಲಿಲ್ಲ.

ಆಯುಧ ಪೂಜೆ ಬಂತು. ಅಮ್ಮ ಬಾನೆಟ್ ಉದ್ದಕ್ಕೂ ವಿಭೂತಿ ಪಟ್ಟೆ ಬಳಿದು ಅದರ ಮೇಲೆ ಒದ್ದೆ ಕುಂಕುಮ ಇಟ್ಟರು. ಪ್ರಯೋಗ ನಡೀತಿದೆ ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಎರಡು ದಿನ ಬಿಸಿಲಿಗೆ ಒಣಗಿದ ಮೇಲೆ ರಿನ್ಸ್‌ಲೆಸ್ ದ್ರಾವಣ ಹೊಡೆದು ಒರೆಸಿದೆ. ಎಡದಲ್ಲೂ ಬಲದಲ್ಲೂ ಒಂದೇ ಎಳೆತಕ್ಕೆ ಬಂತು. ನಡುವಿನ ಬರೀ ಪಟ್ಟೆಯಲ್ಲಿ ಕೆಂಪು ಗುರುತು ಉಳಿಯಿತು, ನಾಲ್ಕೈದು ಸಲ ಉಜ್ಜಬೇಕಾಯಿತು. ಸೀಲೆಂಟ್ ಯಾಕೆ ಬೇಕು ಅಂತ ನನಗೆ ಅರ್ಥವಾದದ್ದು ಅಲ್ಲಿ. ಪೇಂಟಿನ ಮೇಲಿನ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪ್ರತಿ ಸಲ ಉಜ್ಜಿದಾಗಲೂ ಅದಕ್ಕೇ ಪೆಟ್ಟು. ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳು ಹೆಚ್ಚಾಗಿ ನಾವು ತೊಳೆದು ಒರೆಸುವಾಗ ಮಾಡಿಕೊಂಡವು. ಕೊಳೆ ಬೇಗ ಬಿಟ್ಟರೆ ಉಜ್ಜಾಟ ಕಡಿಮೆ.

ಮಳೆ ಕೈಕೊಟ್ಟ ವರ್ಷವಾದ್ದರಿಂದ ವಾರಕ್ಕೊಮ್ಮೆ ಮಗ್ಗಿನಲ್ಲಿ ನೀರು ಸುರಿದು ಹನಿ ಹೇಗೆ ನಿಲ್ಲುತ್ತದೆ ಅಂತ ನೋಡುತ್ತಿದ್ದೆ. ಗುಂಡಗೆ ನಿಂತರೆ ಹಚ್ಚಿದ ಪದರ ಇನ್ನೂ ಇದೆ ಅಂತ ಅರ್ಥ. ವ್ಯಾಕ್ಸ್ ಪಟ್ಟೆಯಲ್ಲಿ ಏಳನೇ ವಾರಕ್ಕೆ ಹನಿಗಳು ಚಪ್ಪಟೆಯಾಗಿ ಹರಡಿದವು. ಸ್ಪ್ರೇ ಪಟ್ಟೆ ಜನವರಿ ಕೊನೆಯವರೆಗೂ ಗುಂಡನೆ ಹನಿ ನಿಲ್ಲಿಸಿತು. ಬಾಟಲಿ ಮೇಲೆ ಬರೆದಿದ್ದಷ್ಟು ತಿಂಗಳು ಬರಲಿಲ್ಲ, ಬಿಡಿ. ಹಕ್ಕಿ ಹಿಕ್ಕೆಯ ವಿಷಯದಲ್ಲಿ ಮಾತ್ರ ಮೂರೂ ಒಂದೇ. ಬಿಸಿಲಿಗೆ ಬಿಟ್ಟರೆ ಯಾವ ಪಟ್ಟೆಯಾದರೂ ಗುರುತು ಬೀಳುತ್ತದೆ. ಕೂಡಲೇ ನೆನೆಸಿ ತೆಗೆಯಬೇಕು.

ಸ್ಪ್ರೇ ಪಟ್ಟೆ ಗೆದ್ದಿತು ಅಂತ ಉಬ್ಬಿ, ಏಪ್ರಿಲ್‌ನ ಒಂದು ಮಧ್ಯಾಹ್ನ ಇಡೀ ಕಾರಿಗೆ ಹೊಡೆದೆ. ಬಾನೆಟ್ ಕಾದ ಹೆಂಚಿನ ಥರ ಇತ್ತು. ಒರೆಸುವ ಮೊದಲೇ ಒಣಗಿ, ಎಣ್ಣೆ ಕೈ ಸವರಿದ ಹಾಗೆ ಪಟ್ಟೆ ಪಟ್ಟೆ ಬಿದ್ದಿತು. ತಪ್ಪು ನನ್ನದೇ. ಸಂಜೆ ನೆರಳಲ್ಲಿ ಅದನ್ನೇ ಇನ್ನೊಂದು ಸಲ ಸ್ವಲ್ಪ ಹೊಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಸರಿಯಾಯಿತು. ಈಗ ಬೇರೆ ಥರ ಮಾಡುತ್ತೇನೆ. ರಿನ್ಸ್‌ಲೆಸ್ ಆದ ಮೇಲೆ ಮೈ ಇನ್ನೂ ಪಸೆ ಇರುವಾಗಲೇ ಒಂದು ಭಾಗಕ್ಕೆ ಒಂದು ಸಲ ಸ್ಪ್ರೇ ಮಾಡಿ ಒಣಗಿಸುತ್ತೇನೆ. ಎರಡೂ ಕೆಲಸ ಒಂದೇ ಕೈಯಲ್ಲಿ ಮುಗಿಯುತ್ತದೆ. ಒದ್ದೆ ಕಾರಿಗೆ ಹೊಡೆದು ಜೋರು ನೀರಲ್ಲಿ ತೊಳೆಯುವ ಸೀಲೆಂಟ್‌ಗಳೂ ಇವೆ. ಅವಕ್ಕೆ ಪ್ರೆಷರ್ ವಾಷರ್ ಬೇಕು, ಬಕೆಟ್ ಗಿರಾಕಿಗಳಿಗೆ ಅಲ್ಲ.

ರಿನ್ಸ್‌ಲೆಸ್ ಸೋತದ್ದು 2024ರ ಜುಲೈನಲ್ಲಿ. ಕೆಆರ್‌ಎಸ್ ತುಂಬಿತು, ಊರ ದಾರಿಗಳೆಲ್ಲ ಕೆಸರಾದವು. ಬಾಗಿಲ ಕೆಳಗೆ ಗಟ್ಟಿಯಾಗಿ ಮೆತ್ತಿದ ಮಣ್ಣನ್ನು ಅದೇ ಬಟ್ಟೆಯಲ್ಲಿ ಒರೆಸಲು ಹೋಗಿ, ಕರ್ ಅಂತ ಸದ್ದು ಕೇಳಿಸಿತು. ಎಡಬಾಗಿಲಲ್ಲಿ ಒಂದು ಗೇಣು ಗೀರು. ಮಣ್ಣು ಕಣ್ಣಿಗೆ ಕಾಣುವಷ್ಟು ದಪ್ಪ ಇದ್ದರೆ ಮೊದಲು ಜೋರು ನೀರೇ ಬೇಕು. ಅಂಥ ದಿನ ವಾಟರ್ ವಾಷ್ ಅಂಗಡಿಗೆ ಹೋಗಿ, ಬರೀ ನೀರು ಹೊಡೆಸಿಕೊಂಡು, "ಬಟ್ಟೆ ಮುಟ್ಟಿಸ್ಬೇಡಿ ಅಣ್ಣ" ಅಂತ ಹೇಳಿ ಮನೆಗೆ ಬಂದು ನಾನೇ ಒರೆಸುತ್ತೇನೆ. ಅಲ್ಲಿನ ಹುಡುಗ ಪ್ರತಿ ಸಲವೂ ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ. ದುಡ್ಡು ಪೂರ್ತಿ ತಗೊಳ್ಳುತ್ತಾನೆ.

ಡಬ್ಬಿ ವ್ಯಾಕ್ಸ್ ಇನ್ನೂ ಮುಕ್ಕಾಲು ಉಳಿದಿದೆ. ಮದುವೆ ಕಾರು ಬೇಕು ಅಂತ ತಂಗಿ ಕೇಳಿದಾಗ ಒಂದು ಸಲ ತೆಗೆದೆ, ಆ ಆಳ ಬೇಕಲ್ವಾ. ಮಿಕ್ಕ ದಿನ ಮೂರು ತಿಂಗಳಿಗೊಮ್ಮೆ ಸ್ಪ್ರೇ, ಭಾನುವಾರ ಬಕೆಟ್.