ಅಡಿಕೆ ತೋಟಕ್ಕೆ ತಂದ ಹುಲಿ ಬೊಂಬೆ: ಐದಕ್ಕೆ ಮೂರು ಸ್ಟಾರ್

ಮಂಗನ ಕಾಟಕ್ಕೆ ಅಂತ ಆನ್‌ಲೈನಲ್ಲಿ ಸಿಗೋ ದೊಡ್ಡ ಹುಲಿ ಬೊಂಬೆ ತಗೋಬಹುದಾ ಅಂತ ತುಂಬಾ ಜನ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ. ನಮ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಮಧ್ಯೆ ಬಾಳೆ, ಏಲಕ್ಕಿ ಇದೆ. ಬೊಂಬೆ ಕ್ವಾಲಿಟಿ ಅಡ್ಡಿಲ್ಲ, ಹೊಲಿಗೆ ಗಟ್ಟಿ, ಕಣ್ಣು ದೂರಕ್ಕೆ ಹೊಳೆಯುತ್ತೆ. ಮಳೆಗಾಲಕ್ಕೆ ಮಾತ್ರ ಆಗಲ್ಲ, ಒಳಗಿನ ಹತ್ತಿ ಒಂದ್ಸಲ ನೀರು ಕುಡೀತು ಅಂದ್ರೆ ಒಣಗೋದೇ ಇಲ್ಲ.

ಮಂಗ ಹೆದರ್ತವಾ? ಶುರುವಲ್ಲಿ ಚೆನ್ನಾಗೇ ಹೆದರ್ತವೆ. ತೋಟದ ಅಂಚಿನ ಮರದಲ್ಲೇ ಕೂತು ಕೂಗಿ ಕೂಗಿ ವಾಪಸ್ ಹೋದ್ವು. ಆಮೇಲೆ ದೊಡ್ಡ ಗಡವ ಒಂದು ದಿನಾ ಸ್ವಲ್ಪ ಸ್ವಲ್ಪ ಹತ್ರ ಬಂದು ಬೊಂಬೆ ಮುಖಾನೇ ದಿಟ್ಟಿಸೋದು, ಬಾಯಿ ತೆರೆದು ಗದರಿಸೋದು, ಪಟ್ ಅಂತ ಪಕ್ಕದ ಮರಕ್ಕೆ ಹಾರಿ ಅಲ್ಲಿಂದ ಮತ್ತೆ ನೋಡೋದು, ಹೀಗೇ ಮಾಡ್ತು. ನನಗನ್ಸೋದು ಅದು ನೋಡ್ತಿದ್ದಿದ್ದು ಕಣ್ಣನ್ನ. ಜೀವ ಇರೋ ಪ್ರಾಣಿ ಆದ್ರೆ ತಾನು ಹೋದ ಕಡೆ ಕಣ್ಣು ತಿರುಗ್ಬೇಕಲ್ಲ, ಇದು ತಿರುಗಲ್ಲ. ಅಷ್ಟು ಗೊತ್ತಾದ್ಮೇಲೆ ಇಡೀ ಗುಂಪು ಕೆಳಗಿಳೀತು.

ನಮ್ಮ ವಿಷಯದಲ್ಲೂ ಅದೇ ಲೆಕ್ಕ ನೋಡಿ. ಜಗಲಿಲಿ ಕೂತು ತೋಟದ ಕಡೆ ನೋಡ್ತಿದ್ರೆ ಅವು ಬೇರೆಲ್ಲೋ ನೋಡ್ಕೊಂಡು ಸುಮ್ನೆ ಕೂತಿರ್ತವೆ, ಫೋನ್ ನೋಡೋಕೆ ತಲೆ ಬಗ್ಗಿಸಿದ್ವೋ ಬಾಳೆಗೊನೆ ಹತ್ರ ಹಾಜರು. ಇದು ಬರೀ ನಮ್ಮೂರ ಮಾತಲ್ಲ, ಪೋರ್ಟೊರಿಕೊ ಹತ್ರ ಕಾಯೊ ಸ್ಯಾಂಟಿಯಾಗೊ ಅಂತ ದ್ವೀಪ ಇದೆ, 1938ರಲ್ಲಿ ಇಂಡಿಯಾದಿಂದ ಹಡಗಲ್ಲಿ ತಗೊಂಡು ಹೋಗಿ ಬಿಟ್ಟ ರೀಸಸ್ ಮಂಗಗಳ ಸಂತತಿ ಅಲ್ಲಿದೆ. ಇಬ್ಬರು ಮನುಷ್ಯರು ಒಂದೊಂದು ದ್ರಾಕ್ಷಿ ಇಟ್ಕೊಂಡು ನಿಂತ್ರೆ ಆ ಮಂಗಗಳು ತನ್ನನ್ನ ನೋಡದೇ ಇರೋನ ಹತ್ರಾನೇ ಹೋಗಿ ಕದೀತವೆ ಅಂತ 2005ರಲ್ಲಿ ಬಂದ ಪ್ರಯೋಗದಲ್ಲಿ ತೋರಿಸಿದಾರೆ.

ಇನ್ನೊಂದು, ಹುಲಿ ಯಾಕೆ ಮಾಡ್ತಾರೋ ಗೊತ್ತಿಲ್ಲ, ನಮ್ಮ ಕಡೆ ಮಂಗಕ್ಕೆ ನಿಜವಾದ ಶತ್ರು ಚಿರತೆ ಅಲ್ವಾ. ನಮ್ಮ ದಕ್ಷಿಣದ ಮಂಗಗಳ ಮುಂದೇನೇ ಚಿರತೆ ಮಾಡೆಲ್ ಇಟ್ಟು ನೋಡಿದ ಸ್ಟಡಿ ಇದೆ, 2000ನೇ ಇಸವಿದು, ಕಪ್ಪು ಚಿರತೆಗಿಂತ ಚುಕ್ಕೆ ಇರೋದಕ್ಕೆ ಜಾಸ್ತಿ ಹೆದರಿದ್ವು. ಅದಕ್ಕೇ ಕಂಪನಿಯವರಿಗೆ ನನ್ನ ಕೋರಿಕೆ, ದಯವಿಟ್ಟು ಚುಕ್ಕೆದೂ ಒಂದು ಮಾಡಿ, ವಾಟರ್‌ಪ್ರೂಫ್ ಬಟ್ಟೆಲಿ ಮಾಡಿ, ಸ್ವಲ್ಪ ರೇಟ್ ಜಾಸ್ತಿ ಆದ್ರೂ ರೈತರು ತಗೊಳ್ತಾರೆ.

ಈಗಾಗ್ಲೇ ತಗೊಂಡಿದ್ರೆ ಬಯಲಲ್ಲಿ ಇಡಬೇಡಿ. ಸೋಗೆ ಮರೇಲಿ ಮುಖ ಅರ್ಧ ಕಾಣೋ ಹಾಗೆ ಇಡಿ, ದಿನಾ ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಜಾಗ ಬದಲಾಯಿಸಿ, ಮಧ್ಯೆ ಕೆಲವು ದಿನ ಮನೆಗೆ ತಂದಿಟ್ಬಿಡಿ. ಅದ್ರ ಜೊತೆ ಒಬ್ರು ಮನುಷ್ಯರು ತೋಟದಲ್ಲಿ ಓಡಾಡ್ತಿರ್ಲೇಬೇಕು. 2019ರಲ್ಲಿ ನಮ್ಮ ತಾಲೂಕಿನ ರೈತರೊಬ್ರು ನಾಯಿಗೆ ಹುಲಿಪಟ್ಟೆ ಬಳಿದಿದ್ದು ದೇಶ ತುಂಬಾ ಸುದ್ದಿ ಆಯ್ತಲ್ಲ, ಎಲ್ರೂ ನಕ್ರು, ಆದ್ರೆ ನಾಯಿ ಓಡಾಡುತ್ತೆ, ತಿರುಗಿ ನೋಡುತ್ತೆ, ಅದು ಬೊಂಬೆಗಿಂತ ಬುದ್ಧಿವಂತಿಕೆ ಕೆಲಸಾನೇ. ಏರ್‌ಗನ್, ಉರುಳು ಅಂತ ಹೋಗಬೇಡಿ ದಯವಿಟ್ಟು, ಕಾಡಲ್ಲಿ ಹಣ್ಣಿನ ಮರ ಉಳಿದಿದ್ರೆ ಅವು ಇಲ್ಲಿಗೆ ಯಾಕೆ ಬರ್ತಿದ್ವು.

ಮನೇಲಿ ಮಕ್ಕಳಿದ್ರೆ ಒಂದು ಹೇಳ್ಕೊಡಿ. ಮಂಗ ಎದುರಿಗೆ ಸಿಕ್ಕಾಗ ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಅದಕ್ಕೆ ಜಗಳಕ್ಕೆ ಕರೆದ ಹಾಗೆ, ದೃಷ್ಟಿ ಪಕ್ಕಕ್ಕೆ ತಿರುಗಿಸಿ ಓಡದೆ ನಿಧಾನಕ್ಕೆ ಹಿಂದೆ ಸರೀಬೇಕು, ಕೈಲಿ ತಿಂಡಿ ಇರಬಾರದು.