ಅಪ್ಪನ ಹೆಸರಿನ ಬೆಂಚು
ನೀರಿನ ದಡದ ಪಾರ್ಕಿನಲ್ಲಿ ಅಪ್ಪನ ನೆನಪಿಗೆ ಒಂದು ಬೆಂಚು ಸ್ಪಾನ್ಸರ್ ಮಾಡಿದೆವು. ತುಂಬಾ ಖುಷಿಯಾಗಿದೆ. ಬೆಂಚಿಗೆ ಹಾಕುವ ಹೆಸರಿನ ಫಲಕ ಕೆತ್ತುವ ಮೊದಲು ಪಾರ್ಕಿನವರು ಬರಹವನ್ನು ನಮಗೆ ತೋರಿಸಿ ಒಪ್ಪಿಗೆ ಪಡೆದರು, ಜಾಗವನ್ನೂ ನಾವೇ ಆರಿಸಿಕೊಂಡೆವು, ನೀರು ನೇರವಾಗಿ ಕಾಣುವ, ಸಂಜೆ ನೆರಳು ಬೀಳುವ ಕಡೆ. ಆದರೆ ಬೆಂಚು ಶಾಶ್ವತವಾಗಿ ನಿಮ್ಮದು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಇಂತಿಷ್ಟು ವರ್ಷ ಅಂತ ಇರುತ್ತದೆ, ಸಹಿ ಹಾಕುವ ಮೊದಲೇ ಓದಿಕೊಳ್ಳಿ. ಸಮುದ್ರದ ಉಪ್ಪುಗಾಳಿ ಬೀಸುವ ಕಡೆ ಹಿತ್ತಾಳೆ ಫಲಕ ಬೇಗ ಕಪ್ಪಾಗುತ್ತದೆ, ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತದೆ. ಹೂತೋಟ ಸ್ಪಾನ್ಸರ್ ಮಾಡುವವರು ಯಾವ ಗಿಡ ಅನ್ನುವುದಕ್ಕಿಂತ ನೀರು ಹಾಕುವವರು, ಕಳೆ ಕೀಳುವವರು ಯಾರು ಅಂತ ಕೇಳಿ, ನೆಟ್ಟ ಮೊದಲ ವರ್ಷ ಅದೇ ಮುಖ್ಯ ಅಲ್ವಾ? ಮೊನ್ನೆ ಹೋದಾಗ ಯಾರೋ ಅಜ್ಜಿ ಬೆಂಚಿನ ಮೇಲೆ ಕೂತಿದ್ದರು. ನಾವು ಸುಮ್ನೆ ಪಕ್ಕದಲ್ಲಿ ನಿಂತು ನೀರು ನೋಡಿದೆವು.